ಸುದ್ದಿಯ ವೇಗ, ಠಾಣೆಯ ಹದ್ದು

ಕಲಘಟಗಿ ತಾಲೂಕಿನ ದುಮ್ಮವಾಡದಂಥ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಪೊಲೀಸ್ ಸುದ್ದಿಯ ವೇಗವೆಂದರೆ ವಾಲಿಕಾರನ ಕಾಲ್ನಡಿಗೆಯ ವೇಗವೇ ಆಗಿತ್ತು. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯಿದೆಯಂತೆ ಊರಿನ ಅಪರಾಧಗಳ ವರದಿಯನ್ನು ಮೇಲಿನವರಿಗೆ ಮುಟ್ಟಿಸುವ ಹೊಣೆ ಪೊಲೀಸ್ ಪಾಟೀಲನದು. ಕಳವಿನ ಸುದ್ದಿ ಠಾಣೆಯನ್ನು ಮುಟ್ಟುವಷ್ಟರಲ್ಲಿ ಎತ್ತು ಹದ್ದು ದಾಟಿರುತ್ತಿದ್ದರೆ ಸೋಜಿಗವೇನು?

ಈಗ ತುರ್ತುಕರೆಗೆ 112 ಎಂಬ ಮೂರಂಕಿ ಸಾಕು. ಕರ್ನಾಟಕದಲ್ಲಿ ಅದು 2019ರಿಂದ ಇದೆ. ಠಾಣೆಗಳ ದಾಖಲೆಗಳನ್ನು ಒಂದೇ ಜಾಲಕ್ಕೆ ತರುವ ಸಿ.ಸಿ.ಟಿ.ಎನ್.ಎಸ್. ಯೋಜನೆಗೆ 2009ರಲ್ಲಿಯೇ ಕೇಂದ್ರದ ಒಪ್ಪಿಗೆ ದೊರೆತಿತು.

ಆದರೆ ನೊಂದವರನ್ನು ಬಹುಕಾಲ ಅಲೆಸಿದ್ದು “ಇದು ನಮ್ಮ ಹದ್ದಿನದಲ್ಲ” ಎಂಬ ಉತ್ತರ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಆ ಉತ್ತರಕ್ಕೆ ಎಡೆಗೊಡದು. ಸಂಜ್ಞೇಯ ಅಪರಾಧ ಎಲ್ಲಿಯೇ ನಡೆದಿರಲಿ, ದೂರನ್ನು ಯಾವ ಠಾಣೆಗಾದರೂ ಕೊಡಬಹುದು. ಮೊಬೈಲು, ಗಣಕಯಂತ್ರಗಳ ಮೂಲಕ ಕಳಿಸಿದ ದೂರಿಗೆ 3 ದಿನಗಳೊಳಗೆ ಸಹಿ ಹಾಕಬೇಕು.

ಆ ಸಹಿಗಾಗಿ ಹಳ್ಳಿಯ ಹೆಣ್ಣುಮಗಳೊಬ್ಬಳು ಅಳುಕುತ್ತ ಠಾಣೆಯ ಮೆಟ್ಟಿಲೇರಿದಾಗ “ಬಾ ತಂಗೆವ್ವ, ಕುಂದ್ರು” ಎನ್ನುವವರು ಒಳಗಿರಬೇಕು. ಅವಳೂ ಬರಿಗೈಲಿ ಮರಳಬಾರದು: ದಾಖಲಾದ ದೂರಿನ ಪ್ರತಿಯನ್ನು ಬಿಡಿಕಾಸು ಕೊಡದೆ ಪಡೆಯುವುದು ಅದೇ ಕಲಮು ಅವಳಿಗಿತ್ತ ಹಕ್ಕು.