ಮೊದಲು ಆ ಷೀಲ್ಡು ಕೊಡಿ

ನಮ್ಮ ಕ್ಲಾಸಿನ ಓಟಗಾರ ಹೋಗಿಬಿಟ್ಟ. ನಾನೂರು ಮೀಟರಿನಲ್ಲಿ ಅವನನ್ನು ಹಿಂದೆ ಹಾಕೋ ಹುಡುಗ ನಮ್ಮ ತಾಲ್ಲೂಕಿನಲ್ಲೇ ಇರಲಿಲ್ಲ. ತಂಗಳು ಮುದ್ದೆ ತಿಂದು ಬರಿಗಾಲಲ್ಲಿ ಓಡ್ತಿದ್ದ. ಗೆದ್ದ ಷೀಲ್ಡು ಶಾಲೆಯ ಬೀರು ಸೇರಿತು. ಅದೇ ಸಂಜೆ ನೀರಿಗೆ ಅವನು ಬೊಗಸೆ ಒಡ್ಡಿದ, ಲೋಟ ಕೊಡಲಿಲ್ಲ.

ಮೊನ್ನೆ ಅವನನ್ನು ಮ್ಯಾನ್‌ಹೋಲಿಗೆ ಇಳಿಸಿದರು. ಅಂಥಾ ದಮ್ಮಿದ್ದವನು ಜೀವಂತ ಮೇಲೆ ಬರಲಿಲ್ಲ. ಆಕಸ್ಮಿಕವಂತೆ! ರಕ್ಷಣೆಯಿಲ್ಲದೆ ಮನುಷ್ಯನನ್ನು ಗುಂಡಿಗಿಳಿಸೋದು ಅಪರಾಧ ಅಂತ 2013ರ ಕಾಯ್ದೆ ಹೇಳುತ್ತೆ. ಸುಪ್ರೀಂ ಕೋರ್ಟು 2023ರಲ್ಲಿ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೇರಿಸಿತು. ಹೆಣದ ಬೆಲೆ ಏರಿತು, ಇಳಿಯೋ ಕೇರಿ ಬದಲಾಗಲಿಲ್ಲ. ಡಿಗ್ರಿ ಹಿಡಿದು ಪಟ್ಟಣ ಸೇರಿದ ನಾವೂ ಅವನು ಏನು ಮಾಡ್ತಾನೆ ಅಂತ ವಿಚಾರಿಸಲಿಲ್ಲ, ಅದೂ ಇರಲಿ ಲೆಕ್ಕದಲ್ಲಿ.

ಈಗ ಶಾಲೆಯವರು ಮೌನ ಆಚರಿಸ್ತಾರಂತೆ. ನಮಗೆ ನಿಮ್ಮ ಮೌನ ಬೇಡ ಸ್ವಾಮಿ. ಮೊದಲು ಆ ಷೀಲ್ಡು ಕೊಡಿ, ಅವನವ್ವ ಕೇಳ್ತಾವ್ಳೆ.