ಹಗುರ ಚಕ್ರ: ಎಲ್ಲಿ ಲಾಭ, ಎಲ್ಲಿ ಬರೀ ಖರ್ಚು?

ರೇಸ್ ಸೈಕಲ್ ಕೊಡಿಸಿ ಆರು ತಿಂಗಳು ತುಂಬುವುದರೊಳಗೆ ಮಗನೋ ಮಗಳೋ ‘ಹಗುರವಾದ ಚಕ್ರ ಬೇಕು’ ಎಂದು ಹಟ ಹಿಡಿಯುವುದು ಈಗ ಅಪರೂಪವಲ್ಲ. ಸೈಕಲ್ಲಿನ ಜೊತೆಗೆ ಬಂದ ಅಲ್ಯೂಮಿನಿಯಂ ಚಕ್ರಗಳ ಜೋಡಿ ಸುಮಾರು 1,900 ಗ್ರಾಂ ತೂಗಿದರೆ, ಹಗುರ ಜೋಡಿ 1,500 ಗ್ರಾಂ ತೂಗೀತು. ಈ 400 ಗ್ರಾಂ ಇಳಿಸಲು ಹತ್ತಾರು ಸಾವಿರ ರೂಪಾಯಿ ಸುರಿಯಬೇಕೆ? ಉತ್ತರ ಹೈಸ್ಕೂಲಿನ ಭೌತಶಾಸ್ತ್ರದಲ್ಲೇ ಇದೆ.

ಕಬ್ಬಿನ ಹಾಲು ತೆಗೆಯುವ ಯಂತ್ರದ ದೊಡ್ಡ ಚಕ್ರವನ್ನು ನೋಡಿದ್ದೀರಲ್ಲ? ಅದರ ಭಾರವೆಲ್ಲ ಅಂಚಿನಲ್ಲಿದೆ. ತಿರುಗಿಸಲು ಕಷ್ಟ, ತಿರುಗಿದ ಮೇಲೆ ನಿಲ್ಲಿಸಲೂ ಕಷ್ಟ. ಸೈಕಲ್ ಚಕ್ರದ ರಿಮ್ಮಿಗೂ ಇದೇ ನಿಯಮ. ರಿಮ್ ಮುಂದಕ್ಕೂ ಚಲಿಸಬೇಕು, ತಿರುಗಲೂಬೇಕು. ಹೀಗಾಗಿ ವೇಗ ಏರಿಸುವಾಗ ರಿಮ್ಮಿನ ಒಂದು ಗ್ರಾಂ ಸುಮಾರು ಎರಡು ಗ್ರಾಂಗೆ ಸಮ. ನಡುವಿನ ಹಬ್ಬಿನ ತೂಕಕ್ಕೆ ಈ ಲೆಕ್ಕ ಅನ್ವಯಿಸದು.

400 ಗ್ರಾಂ ಪೂರ್ತಿ ರಿಮ್ಮಿನಲ್ಲೇ ಇಳಿಯಿತೆನ್ನೋಣ. ಅದು 800 ಗ್ರಾಂಗೆ ಸಮ. ಸವಾರ 60 ಕೆ.ಜಿ., ಸೈಕಲ್ 10 ಕೆ.ಜಿ. ಇದ್ದರೆ ಒಟ್ಟು 70 ಕೆ.ಜಿ.ಯಲ್ಲಿ ಇದು ಶೇ. 1ಕ್ಕಿಂತ ತುಸು ಹೆಚ್ಚು, ಅಷ್ಟೆ. ಅದೂ ವೇಗ ಏರಿಸುವಾಗ ಮಾತ್ರ. ಒಂದೇ ವೇಗದಲ್ಲಿ ಘಾಟಿ ಏರುವಾಗ ಈ ದುಪ್ಪಟ್ಟು ಲೆಕ್ಕವೂ ಇಲ್ಲ. ಆಗುಂಬೆಯಂಥ ಕಡೆ ಅರ್ಧ ಗಂಟೆ ಏರಿದರೆ ಹೆಚ್ಚೆಂದರೆ 10 ಸೆಕೆಂಡು ಉಳಿದೀತು. ಪಂದ್ಯದಲ್ಲಿ ಇದು ಸಣ್ಣದಲ್ಲ ನಿಜ. ನಿತ್ಯದ ಅಭ್ಯಾಸಕ್ಕೆ ಲೆಕ್ಕಕ್ಕೆ ಬಾರದು.

ಈಗ ನಮ್ಮೂರ ರಸ್ತೆಗೆ ಬರೋಣ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ಹೇಳಿಕೊಳ್ಳುವಂಥ ಏರಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗುವವನ ಶ್ರಮದ ಸುಮಾರು ಮುಕ್ಕಾಲು ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಆಷಾಢದ ಪಡುವಣ ಗಾಳಿಗೆ ಎದುರಾಗಿ ಹರಿಹರದ ಕಡೆ ಹೊರಟವರಿಗೆ ಇದು ಗೊತ್ತು. ಆಗ ನೆರವಾಗುವುದು ಹಗುರ ಚಕ್ರವಲ್ಲ, ಬೆನ್ನು ಬಾಗಿಸಿ ಕೂರುವ ಭಂಗಿ. ಎತ್ತರದ ಅಂಚಿನ ಕಾರ್ಬನ್ ರಿಮ್ ಗಾಳಿಯನ್ನು ತುಸು ಚೆನ್ನಾಗಿ ಸೀಳುತ್ತದೆ. ಆದರೆ ಅಡ್ಡಗಾಳಿ ಬೀಸಿದಾಗ, ಪಕ್ಕದಲ್ಲಿ ಲಾರಿ ಹಾದಾಗ ಹ್ಯಾಂಡಲ್ ಎಳೆಯುತ್ತದೆ. ತೂಕ ಕಡಿಮೆಯಿರುವ ಮಕ್ಕಳಿಗೆ ಇದು ಅಪಾಯ.

ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವುದು ಟೈರು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ರೂಪಿಸಿದ ಉದ್ದೇಶವೇ ಕುಲುಕಾಟ ತಪ್ಪಿಸುವುದು. ಕಿರಿದಾದ ಟೈರಿಗೆ ಕಲ್ಲಿನಂತೆ ಗಾಳಿ ತುಂಬಿದರೆ ಒರಟು ರಸ್ತೆಯಲ್ಲಿ ಸೈಕಲ್ ಪುಟಿಯುತ್ತದೆ, ಶಕ್ತಿ ವ್ಯರ್ಥವಾಗುತ್ತದೆ. ಫ್ರೇಮಿನಲ್ಲಿ ಜಾಗವಿದ್ದರೆ 28 ಮಿ.ಮೀ. ಅಗಲದ ಒಳ್ಳೆಯ ಟೈರು ಹಾಕಿಸಿ.

ಇನ್ನು ಕಡ್ಡಿಗಳ ಸಂಗತಿ. ಬಹಳ ಹಗುರ ಚಕ್ರದಲ್ಲಿ ಕಡ್ಡಿ ಕಡಿಮೆ. ಗುಂಡಿಗೆ ಬಿದ್ದು ಒಂದು ಮುರಿದರೂ ಚಕ್ರ ಬೆಂಡಾಗಿ ತಿರುಗದೆ ನಿಲ್ಲಬಹುದು. 28 ಅಥವಾ 32 ಕಡ್ಡಿಯ ಚಕ್ರವಾದರೆ ನಿಧಾನವಾಗಿ ಮನೆ ಸೇರಬಹುದು. ಮಾಮೂಲಿ ಕಡ್ಡಿಯಾದರೆ ಊರಿನಲ್ಲೇ ಬೆಂಡು ತೆಗೆಸಬಹುದು.

ಪೋಷಕರು ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳಲಿ. ತೂಕ ಇಳಿದಿರುವುದು ರಿಮ್ಮಿನಲ್ಲೋ ಹಬ್ಬಿನಲ್ಲೋ? ಎಷ್ಟು ತೂಕದ ಸವಾರನನ್ನು ತಡೆಯುತ್ತದೆ? ಕಡ್ಡಿ ಇಲ್ಲೇ ಸಿಗುತ್ತದೆಯೆ? ನಮ್ಮ ಸೈಕಲ್ಲಿನ ಬ್ರೇಕಿಗೂ ಗೇರಿಗೂ ಹೊಂದುತ್ತದೆಯೆ? ಹೆಸರಿಲ್ಲದ ಅಗ್ಗದ ಕಾರ್ಬನ್ ಚಕ್ರದ ಗೊಡವೆಯೇ ಬೇಡ.

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೇ 2000ದಿಂದ ಪಂದ್ಯದ ಸೈಕಲ್ 6.8 ಕೆ.ಜಿ.ಗಿಂತ ಕಡಿಮೆ ತೂಗಬಾರದೆಂದು ನಿಯಮ ಮಾಡಿದೆ. ಹಗುರತನಕ್ಕೂ ಒಂದು ಮಿತಿ ಬೇಕು. ಕಲಿಯುವ ವರ್ಷಗಳಲ್ಲಿ ಗಟ್ಟಿ ಚಕ್ರ, ಒಳ್ಳೆಯ ಟೈರು, ತಲೆಗೆ ಹೆಲ್ಮೆಟ್ ಸಾಕು. ಏರುಗಳಿರುವ ದೊಡ್ಡ ಪಂದ್ಯಕ್ಕೆ ಆಯ್ಕೆಯಾದ ದಿನ ಹಗುರ ಜೋಡಿಯ ಮಾತು ತೆಗೆದರಾಯಿತು. ಅಲ್ಲಿಯವರೆಗೆ ವೇಗ ಹೆಚ್ಚಿಸಬೇಕಾದದ್ದು ಕಾಲುಗಳೇ.