ಕಳ್ಳನಿಗಿಂತ ಮೊದಲೇ ನಾವು ಹಾಕಿದ ಕನ್ನ

ಕಳ್ಳತನಕ್ಕೆ ನಮ್ಮಲ್ಲಿ ಹಲವು ಮಾತುಗಳಿದ್ದರೂ 'ಕನ್ನ' ಎಂಬುದು ನೇರವಾಗಿ ಗೋಡೆಗೇ ಸಂಬಂಧಿಸಿದ್ದು. ಇರುಳಿನಲ್ಲಿ ಗೋಡೆ ಕೊರೆದು ಮಾಡುವ ಕಿಂಡಿಯೇ ಕನ್ನ. 12ನೆಯ ಶತಮಾನದ ಶರಣರ ಸಾಲಿನಲ್ಲಿ ಕನ್ನದ ಮಾರಿತಂದೆ ಎಂಬ ವಚನಕಾರರಿದ್ದುದನ್ನು ನನ್ನ ತರಗತಿಯಲ್ಲಿ ಕುಳಿತವರು ಮರೆತಿರಲಾರರು. ಈಗಿನ ಕಳ್ಳ ಗೋಡೆ ಕೊರೆಯುವ ಶ್ರಮಕ್ಕೆ ಹೋಗುವುದಿಲ್ಲ. ಅವನ ಭಯಕ್ಕೆ ಮನೆಯವರೇ ಕೂಲಿ ಕೊಟ್ಟು ಕೊರೆಸುತ್ತಾರೆ. ನಾನೂ ಕೊರೆಸಿದೆ.

2021ರಲ್ಲಿ ಮಗಳು ದೂರದೇಶದಿಂದ ಒತ್ತಾಯಿಸಿದ್ದರಿಂದ ಮನೆಗೆ ಕಳ್ಳಗಂಟೆ ಹಾಕಿಸಿದೆವು. ನಮ್ಮದು ತಂದೆಯವರು 1958ರಲ್ಲಿ ಕಟ್ಟಿಸಿದ ಮಲೆನಾಡಿನ ಮನೆ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಬಂದ ಹುಡುಗರು ವಿನಯವಂತರು. "ಸಾರ್, ಒಂದು ವೈರೂ ಕಣ್ಣಿಗೆ ಬೀಳದ ಹಾಗೆ ಮಾಡ್ತೀವಿ" ಎಂದರು. ಹಾಗೆಯೇ ಮಾಡಿದರು. ಹಿತ್ತಿಲ ಬಾಗಿಲಿನಿಂದ ಜಗಲಿಯ ಪೆಟ್ಟಿಗೆಯವರೆಗೆ, ದೂರ ಕಡಿಮೆಯಾಗಲೆಂದು ನಡುಮನೆಯ ಗೋಡೆಯಲ್ಲಿ ಓರೆಯಾಗಿ ತೋಡು ಕೊರೆದು, ಪೈಪೂ ಇಲ್ಲದೆ ತಂತಿಯನ್ನಿಟ್ಟು ಸಿಮೆಂಟು ಮೆತ್ತಿ ಬಣ್ಣ ಬಳಿದರು. ನಾನು ಅದನ್ನು ಅಚ್ಚುಕಟ್ಟು ಎಂದು ಹೊಗಳಿ ಕಾಫಿ ಕೊಟ್ಟು ಕಳುಹಿಸಿದೆ.

ಮರುವರ್ಷ ನನ್ನ ಮನೆಯವರು ತೀರಿಕೊಂಡರು. ಹದಿನಾಲ್ಕನೆಯ ದಿನ ಅವರ ಭಾವಚಿತ್ರಕ್ಕೆಂದು ನಡುಮನೆಯ ಗೋಡೆಗೆ ನಾನೇ ಒಂದು ಮೊಳೆ ಹೊಡೆದೆ. ಗಂಟೆ ಬಾರಿಸಲಿಲ್ಲ, ಕಿಡಿ ಹಾರಲಿಲ್ಲ, ಪೆಟ್ಟಿಗೆಯ ಹಸಿರು ದೀಪ ಎಂದಿನಂತೆ ಉರಿಯುತ್ತಿತ್ತು. ಆ ದೀಪವನ್ನು ನೋಡಿಯೇ ಎಂಟು ತಿಂಗಳು ಒಬ್ಬನೇ ಮಲಗಿ ನಿದ್ದೆ ಮಾಡಿದೆ. ಕೊನೆಗೆ ಬ್ಯಾಟರಿ ಬದಲಿಸಲು ಬಂದ ಹಳೆಯ ವಿದ್ಯಾರ್ಥಿಯೊಬ್ಬ ಮೀಟರು ಹಿಡಿದು ನೋಡಿ, "ಮೇಷ್ಟ್ರೇ, ಹಿತ್ತಿಲ ಬಾಗಿಲು ತೆರೆದೇ ಇದೆ, ಪೆಟ್ಟಿಗೆ ಮಾತ್ರ ಮುಚ್ಚಿದೆ ಅಂತಿದೆ" ಎಂದ.

ಇದು ಹೇಗಾಯಿತೆಂಬುದನ್ನು ಸ್ವಲ್ಪ ವಿವರಿಸಬೇಕು. ವಿಜ್ಞಾನದ ಮೇಷ್ಟ್ರ ಚಟವೆಂದು ಸಹಿಸಿಕೊಳ್ಳಿ. ವಿದ್ಯುತ್ತಿನ ಕಳ್ಳಗಂಟೆಗೆ ಅಮೆರಿಕದ ಅಗಸ್ಟಸ್ ಪೋಪ್ ಎಂಬಾತ 1853ರಲ್ಲಿ ಪೇಟೆಂಟ್ ಪಡೆದ. ಅವನ ಏರ್ಪಾಟಿನಲ್ಲಿ ಬಾಗಿಲು ತೆರೆದರೆ ಮಂಡಲ ಕೂಡಿ ಗಂಟೆ ಬಾರಿಸುತ್ತಿತ್ತು. ಅಂಥದರಲ್ಲಿ ತಂತಿ ಕತ್ತರಿಸಿದರೆ ಗಂಟೆಯೂ ಸತ್ತಂತೆ. ಇಂದು ಸಾಮಾನ್ಯವಾಗಿರುವುದು ಇದರ ತಿರುವುಮುರುವು. ಬಾಗಿಲಿಗೆ ಒಂದು ಅಯಸ್ಕಾಂತ, ಚೌಕಟ್ಟಿಗೆ ಒಂದು ಪುಟ್ಟ ಸ್ವಿಚ್ಚು. ಬಾಗಿಲು ಮುಚ್ಚಿರುವವರೆಗೆ ಮಂಡಲ ಕೂಡಿರುತ್ತದೆ, ತೆರೆದರೆ ಕಡಿಯುತ್ತದೆ. ಕಳ್ಳ ತಂತಿಯನ್ನು ಕತ್ತರಿಸಿದರೂ ಕಡಿದಂತೆಯೇ ಆಗಿ ಗಂಟೆ ಬಾರಿಸುತ್ತದೆ.

ಆದರೆ ನನ್ನ ಮೊಳೆ ತಂತಿಯನ್ನು ಕತ್ತರಿಸಲಿಲ್ಲ. ಎರಡೂ ಎಳೆಗಳನ್ನು ಚುಚ್ಚಿ ಒಂದಕ್ಕೊಂದು ಕೂಡಿಸಿತು. ಅಲ್ಲಿಂದಾಚೆ ಬಾಗಿಲು ತೆರೆದರೇನು, ಮುಚ್ಚಿದರೇನು, ಪೆಟ್ಟಿಗೆಯ ಪಾಲಿಗೆ ಮಂಡಲ ಸದಾ ಕೂಡಿಯೇ ಇತ್ತು. ಇಂಥದ್ದನ್ನು ಹಿಡಿಯಲೆಂದೇ ತಂತಿಯ ತುದಿಯಲ್ಲಿ, ಅಂದರೆ ಬಾಗಿಲ ಸ್ವಿಚ್ಚಿನ ಬಳಿ, ಒಂದು ಚಿಕ್ಕ ರೆಸಿಸ್ಟರನ್ನು ಕೂಡಿಸಬೇಕು. ನಡುವೆ ಎಲ್ಲಿ ಎಳೆಗಳು ತಗುಲಿದರೂ ರೋಧದ ಲೆಕ್ಕ ತಪ್ಪಿ ಪೆಟ್ಟಿಗೆಗೆ ಸುಳಿವು ಸಿಗುತ್ತದೆ. ನಮ್ಮ ಹುಡುಗರು ಅದನ್ನು ಕೆಲಸ ಸುಲಭವಾಗಲೆಂದು ಪೆಟ್ಟಿಗೆಯೊಳಗೇ ಕೂಡಿಸಿದ್ದರು. ಅಲ್ಲಿದ್ದರೆ ಅದು ಇದ್ದೂ ಇಲ್ಲದಂತೆ.

ಬೈಗುಳ ಆ ಹುಡುಗರಿಗಷ್ಟೇ ಸಲ್ಲಬೇಕಾದುದಲ್ಲ. ಕಣ್ಣಿಗೆ ಕಾಣದಿರುವುದೇ ಅಚ್ಚುಕಟ್ಟು ಎಂದು ನಂಬಿದ್ದು ನಾನು. ಈಗ ನನ್ನ ಅಭಿಪ್ರಾಯ ಬೇರೆ. ಮನೆಯವರು ಗೋಡೆಯ ಮುಂದೆ ನಿಂತು 'ತಂತಿ ಇಲ್ಲಿದೆ, ಇಲ್ಲಿ ಇಲ್ಲ' ಎಂದು ಹೇಳಬಲ್ಲಂತಿದ್ದರೆ ಅದು ಅಚ್ಚುಕಟ್ಟು. ಹೇಳಲಾಗದಿದ್ದರೆ ಅದು ಬಣ್ಣ ಬಳಿದ ಅವ್ಯವಸ್ಥೆ.

ಹೊಸ ಮನೆ ಕಟ್ಟುತ್ತಿರುವವರಿಗೆ ಇದು ಕಷ್ಟವಲ್ಲ. ಗಾರೆಗೆ ಮೊದಲೇ ಪೈಪು ಹೂಳಿಸಿ. ಮುಂದೆ ತಂತಿ ಕೆಟ್ಟರೆ ಗೋಡೆ ಒಡೆಯದೆ ಎಳೆದು ಬದಲಿಸಬಹುದು. ಸ್ವಿಚ್ಚಿನಿಂದ ನೆಟ್ಟಗೆ ಮೇಲಕ್ಕೆ ಅಥವಾ ಕೆಳಕ್ಕೆ ಹೋಗಲಿ, ಓರೆ ಮಾತ್ರ ಬೇಡವೇ ಬೇಡ. 230 ವೋಲ್ಟಿನ ಮನೆ ವೈರಿಂಗಿನ ಪೈಪಿನಲ್ಲಿ ಈ 12 ವೋಲ್ಟಿನ ತಂತಿಯನ್ನು ತೂರಿಸಬಾರದು. ಗಾರೆ ಮೆತ್ತುವ ಮುನ್ನ ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಅಡ್ಡ ತೋಡಿನ ವಿಷಯದಲ್ಲಿ ಒಂದು ಲೆಕ್ಕವಿದೆ. ಬ್ರಿಟನ್ನಿನ ಕಟ್ಟಡ ನಿಯಮಗಳ ಮಾರ್ಗದರ್ಶಿ ಗೋಡೆಯ ದಪ್ಪದ ಮೂರನೆಯ ಒಂದರಷ್ಟು ಆಳದ ನೆಟ್ಟನೆಯ ತೋಡಿಗೆ ಒಪ್ಪುತ್ತದೆ, ಅಡ್ಡ ತೋಡಿಗೆ ಆರನೆಯ ಒಂದು ಮಾತ್ರ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯಲ್ಲಿ ಅಡ್ಡಕ್ಕೆ ದೊರೆಯುವುದು ಮುಕ್ಕಾಲು ಇಂಚು. ಪೈಪೇ ಮುಕ್ಕಾಲು ಇಂಚಿರುವಾಗ ಅದರ ಮೇಲೆ ಗಾರೆ ಎಲ್ಲಿ ನಿಂತೀತು?

ಹಳೆಯ ಮಣ್ಣಿನ ಗೋಡೆಯನ್ನಂತೂ ಮುಟ್ಟಲೇಬೇಡಿ. ಸಿಮೆಂಟು ಮಣ್ಣಿಗೆ ಕಚ್ಚಿ ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಎರಡನೆಯ ಮಳೆಗಾಲಕ್ಕೇ ಆ ಓರೆಗೆರೆ ಬಿರುಕಾಗಿ ಮೂಡಿತು. ಅಂಥ ಮನೆಗೆ ತಂತಿ ಹೊರಗೇ ಇರಲಿ. ಬಾಗಿಲ ಚೌಕಟ್ಟಿನ ಅಂಚು, ತೊಲೆಯ ಮಗ್ಗುಲು ಹಿಡಿದು ಕೇಸಿಂಗ್ ಪಟ್ಟಿಯೊಳಗೆ ಸಾಗಿದರೆ ಕಣ್ಣಿಗೇನೂ ಅಸಹ್ಯವಲ್ಲ. 'ಕಾಣುವ ತಂತಿಯನ್ನು ಕಳ್ಳ ಕತ್ತರಿಸುವುದಿಲ್ಲವೇ?' ಎಂದು ನನ್ನ ತಮ್ಮ ಕೇಳಿದ. ಕತ್ತರಿಸಲಿ, ಆಗ ಗಂಟೆ ಬಾರಿಸುತ್ತದೆಂದು ಆಗಲೇ ಹೇಳಿದೆನಲ್ಲ! ತಂತಿಯೇ ಇಲ್ಲದ ಸಲಕರಣೆಗಳೂ ಬಂದಿವೆ. ಹಳೆಯ ಗೋಡೆಗೆ ಅವು ಒಳ್ಳೆಯವೇ, ಆದರೆ ಪ್ರತಿ ಬಾಗಿಲಿನ ಬ್ಯಾಟರಿಯನ್ನೂ ನೆನಪಿಟ್ಟು ಬದಲಿಸಬೇಕು. ಎಪ್ಪತ್ತೆಂಟರ ನನ್ನ ಮರೆವನ್ನು ನಾನು ಅಷ್ಟು ನಂಬುವುದಿಲ್ಲ.

ಪರಊರಿನಲ್ಲಿ ಕುಳಿತು ತಂದೆತಾಯಿಯರ ಮನೆಗೆ ಕಳ್ಳಗಂಟೆ ಹಾಕಿಸುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಹಣ ಪಾವತಿಸುವ ಮುನ್ನ ತಂತಿ ಹೋದ ದಾರಿಯ ನಕ್ಷೆಯೊಂದನ್ನು ಕೇಳಿ ಪಡೆಯಿರಿ, ಅದು ನಿಮ್ಮ ಫೋನಿನಲ್ಲಲ್ಲ, ಆ ಮನೆಯಲ್ಲೇ ಇರಲಿ. ತಿಂಗಳಿಗೊಮ್ಮೆ ಪ್ರತಿ ಬಾಗಿಲನ್ನೂ ನಿಜವಾಗಿ ತೆರೆದು ನೋಡಲು ಅವರಿಗೆ ಹೇಳಿಕೊಡಿ. ಹಸಿರು ದೀಪವನ್ನು ನೋಡಿದರೆ ಸಾಲದು.

ನಮ್ಮ ಮನೆಯ ನಕ್ಷೆಯನ್ನು ಆ ಹಳೆಯ ವಿದ್ಯಾರ್ಥಿಯೇ ಬರೆದುಕೊಟ್ಟ. ಗೆರೆಗಳು ನೆಟ್ಟಗಿವೆ, ಹತ್ತನೆಯ ತರಗತಿಯಲ್ಲಿ ಅವನ ಚಿತ್ರಗಳು ಹೀಗಿರಲಿಲ್ಲ. ಅದನ್ನು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ್ದೇನೆ. ಓರೆ ತೋಡನ್ನು ಮಣ್ಣು ಮತ್ತು ಸುಣ್ಣದಿಂದ ತುಂಬಿಸಿದೆ. ಮೊಳೆಯನ್ನು ಮಾತ್ರ ಕೀಳಿಸಲಿಲ್ಲ. ಭಾವಚಿತ್ರ ಅಲ್ಲೇ ಇದೆ.